ತಿದಿ ಮತ್ತು ಕಾಲುವೆ: ಜೀವಾಧಾರ ಯಂತ್ರಗಳ ಭೇದ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಆಡುನುಡಿಯಲ್ಲಿ ತೀವ್ರ ನಿಗಾ ಘಟಕದ ರೋಗಿಯ ಸ್ಥಿತಿಯನ್ನು ‘ಮಿಷನ್‌ಲಿ ಮಡಗವ್ರೆ’ ಎಂಬ ಒಂದೇ ಮಾತು ಸೂಚಿಸುತ್ತದೆ. 2020ರ ಮಾರ್ಚ್‌ನಲ್ಲಿ ನಂಜನಗೂಡಿನಲ್ಲಿ ಕೋವಿಡ್ ಕಾಣಿಸಿಕೊಂಡ ಬಳಿಕ ‘ವೆಂಟಿಲೇಟರ್’ ಎಂಬ ಪದವೂ, ಅದೇ ವರ್ಷ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಚಿಕಿತ್ಸೆಯ ಸುದ್ದಿಯೊಡನೆ ‘ಎಕ್ಮೊ’ ಎಂಬ ಪದವೂ ಜನರ ಕಿವಿಗೆ ಬಿದ್ದವು. ಆದರೆ ಅವುಗಳ ಭೇದ ‘ಮಿಷನ್’ ಎಂಬ ಮಾತಿನಲ್ಲಿಯೇ ಅಡಗಿಹೋಯಿತು. ಬಂಧುಗಳು ಕೈಗೊಳ್ಳಬೇಕಾದ ನಿರ್ಣಯ ಈ ಭೇದವನ್ನೇ ಅವಲಂಬಿಸಿರುವುದರಿಂದ ಅದರ ವಿವೇಚನೆ ಅಗತ್ಯ.

ವೆಂಟಿಲೇಟರನ್ನು ಕಮ್ಮಾರನ ತಿದಿಗೆ ಹೋಲಿಸಬಹುದು. ತಿದಿ ಗಾಳಿಯನ್ನು ಒತ್ತುತ್ತದೆಯೇ ಹೊರತು ಕೆಂಡವನ್ನು ಸೃಷ್ಟಿಸುವುದಿಲ್ಲ. ಅಂತೆಯೇ ವೆಂಟಿಲೇಟರ್ ಆಮ್ಲಜನಕಯುಕ್ತ ಗಾಳಿಯನ್ನು ಶ್ವಾಸಕೋಶಕ್ಕೆ ತುಂಬುತ್ತದೆ; ಆ ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಕೆಲಸ ಶ್ವಾಸಕೋಶದ್ದೇ. ಗಾಳಿಗೂಡುಗಳಲ್ಲಿ ದ್ರವ ತುಂಬಿದಾಗ ತಿದಿಯೊಂದೇ ಸಾಲದು.

ಎಕ್ಮೊ ವಿಧಾನವನ್ನು ಕಾಲುವೆಗೆ ಹೋಲಿಸುವುದು ಸೂಕ್ತ. ಹುಲ್ಲಹಳ್ಳಿಯಲ್ಲಿ ಕಪಿಲೆಯನ್ನೂ, ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟಿನಲ್ಲಿ ಕಾವೇರಿಯನ್ನೂ ಕಾಲುವೆಗೆ ತಿರುಗಿಸಿರುವಂತೆ, ಇಲ್ಲಿ ರಕ್ತವನ್ನು ದೊಡ್ಡ ಅಭಿಧಮನಿಯಿಂದ ದೇಹದ ಹೊರಗೆ ತಿರುಗಿಸಲಾಗುತ್ತದೆ. ಯಂತ್ರದ ಪೊರೆಯು ಅದಕ್ಕೆ ಆಮ್ಲಜನಕ ಸೇರಿಸಿ ಇಂಗಾಲದ ಡೈಆಕ್ಸೈಡನ್ನು ತೆಗೆಯುತ್ತದೆ. ಶುದ್ಧಗೊಂಡ ರಕ್ತ ಎಲ್ಲಿಗೆ ಮರಳುತ್ತದೆ ಎಂಬುದರ ಮೇಲೆ ಇದರಲ್ಲಿ ಎರಡು ಬಗೆ. ಅಭಿಧಮನಿಗೇ ಮರಳಿಸಿದರೆ ಶ್ವಾಸಕೋಶಕ್ಕೆ ಮಾತ್ರ ನೆರವು. ರಕ್ತವನ್ನು ದೇಹಕ್ಕೆಲ್ಲ ತಳ್ಳುವ ಕೆಲಸ ಹೃದಯದ್ದೇ ಆಗಿ ಉಳಿಯುತ್ತದೆ. ಅಪಧಮನಿಗೆ ಸೇರಿಸಿದರೆ ಹೃದಯ, ಶ್ವಾಸಕೋಶಗಳೆರಡಕ್ಕೂ ನೆರವು. ದಿನ, ವಾರಗಳವರೆಗೆ ನಡೆಯಬಲ್ಲ ಈ ವಿಧಾನದಲ್ಲಿ ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವಿಕೆ ಹಾಗೂ ಸೋಂಕಿನ ಅಪಾಯಗಳಿವೆ.

ಎಕ್ಮೊದ ಮೂಲ ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಹೃದಯ–ಶ್ವಾಸಕೋಶ ಯಂತ್ರ. 1953ರ ಮೇ 6ರಂದು ಅಮೆರಿಕದ ಜಾನ್ ಗಿಬ್ಬನ್ ಅದನ್ನು ಬಳಸಿ ಯಶಸ್ವಿ ಶಸ್ತ್ರಚಿಕಿತ್ಸೆ ನಡೆಸಿದರು. ಅದರ ಅವಧಿ ಕೆಲವು ಗಂಟೆಗಳು ಮಾತ್ರ. ಮಹಾಪಧಮನಿಯೊಳಗಿನ ಬಲೂನ್ ಪಂಪ್ ಇನ್ನೊಂದು ಬಗೆಯದು. ಹೃದಯ ಸಡಿಲಗೊಂಡಾಗ ಉಬ್ಬಿ, ಸಂಕುಚಿಸುವ ಮುನ್ನ ಕುಗ್ಗುವ ಈ ಬಲೂನು ಹೃದಯದ ಹೊರೆಯನ್ನು ಇಳಿಸುತ್ತದೆ. ಹೃದಯಕ್ಕೆ ಬದಲಿಯಾಗಿ ನಿಲ್ಲಲಾರದು.

ಇವುಗಳಲ್ಲಿ ಯಾವುದೂ ರೋಗವನ್ನು ಗುಣಪಡಿಸುವುದಿಲ್ಲ; ದೇಹ ಚೇತರಿಸಿಕೊಳ್ಳಲು ಅಥವಾ ಮುಂದಿನ ಚಿಕಿತ್ಸೆಗೆ ಕಾಲಾವಕಾಶ ನೀಡುತ್ತವೆ. ‘ಉಸಿರು ನಿಂತರೆ ಸಾವು’ ಎಂಬ ಜನಪದರ ನಂಬಿಕೆಯನ್ನು ಇವು ಕದಲಿಸಿವೆ. ಮಿದುಳುಕಾಂಡ ಸತ್ತ ಬಳಿಕವೂ ವೆಂಟಿಲೇಟರಿನಿಂದ ಎದೆ ಏರಿಳಿಯಬಹುದು, ಕೆಲಕಾಲ ಹೃದಯ ಬಡಿಯಬಹುದು. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯು ಮಿದುಳುಕಾಂಡದ ಸಾವನ್ನು ಸಾವೆಂದೇ ಗುರುತಿಸಿದೆ. ಆದುದರಿಂದ ‘ಮಿಷನ್ ಹಾಕಬೇಕೆ?’ ಎಂಬ ಒಂದೇ ಪ್ರಶ್ನೆ ಸಾಲದು. ಯಂತ್ರ ಯಾವ ಅಂಗಕ್ಕೆ ನೆರವಾಗುತ್ತಿದೆ, ಆ ಅಂಗ ಚೇತರಿಸುವ ಭರವಸೆ ಇದೆಯೇ, ಯಂತ್ರವನ್ನು ಎಲ್ಲಿಯವರೆಗೆ ಮುಂದುವರಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ವೈದ್ಯರ ಮುಂದಿಡುವುದು ಬಂಧುಗಳ ಹಕ್ಕು.