ದೂಳಿನ ಬಿಸಿಯನ್ನು ಓದುವವರು

ಆಗಷ್ಟೇ ಹುಟ್ಟಿದ ನಕ್ಷತ್ರದ ಸುತ್ತ ದೂಳು, ಅನಿಲಗಳ ಚಪ್ಪಟೆ ತಟ್ಟೆಯೊಂದು ಸುತ್ತುತ್ತಿರುತ್ತದೆ. ಗ್ರಹಗಳು ಮೂಡುವುದು ಅದರಲ್ಲೇ. ನೂರಾರು ಜ್ಯೋತಿರ್ವರ್ಷ ಆಚೆಯ ಆ ತಟ್ಟೆ ಹೆಚ್ಚಿನ ದೂರದರ್ಶಕಗಳಿಗೆ ಬರೀ ಚುಕ್ಕಿ. ಚುಕ್ಕಿಯ ಬೆಳಕಿನಿಂದಲೇ ತಟ್ಟೆಯ ಒಳಗು ಹೊರಗನ್ನೆಲ್ಲ ಹೇಳಬಲ್ಲ ಖಗೋಳಜ್ಞರ ಕಸುಬು ನನಗೆ ಸದಾ ಬೆರಗು.

ಬೆಳಕು ತಾಗಿ ಬಿಸಿಯಾದ ದೂಳು ಅವಕೆಂಪು ಕಿರಣ ಸೂಸುತ್ತದೆ. ಬಿಸಿ ಹೆಚ್ಚಿದಷ್ಟೂ ತರಂಗ ಕಿರಿದು. ನಕ್ಷತ್ರದ ಮಗ್ಗುಲಲ್ಲೇ ಸಾವಿರ ಕೆಲ್ವಿನ್ ಮೀರಿ ಕಾದದ್ದು 2–3 ಮೈಕ್ರಾನ್‌ನಲ್ಲಿ ಬೆಳಗುತ್ತದೆ. ಭೂಮಿಯಷ್ಟು ಬೆಚ್ಚಗಿರುವುದು 10ರ ಆಸುಪಾಸಿನಲ್ಲಿ. ಅಂಚಿನ ಚಳಿಯಲ್ಲಿರುವುದು 60, 100 ಮೈಕ್ರಾನ್‌ಗಳಲ್ಲಿ. ತರಂಗದಿಂದ ಬಿಸಿ ಗೊತ್ತಾದರೆ, ದೂಳು ನಕ್ಷತ್ರದಿಂದ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು.

ಕಷ್ಟವಿರುವುದು ಅಳೆಯುವುದರಲ್ಲಿ. ನಮ್ಮ ಗಾಳಿ, ದೂರದರ್ಶಕದ ಕನ್ನಡಿ ಎಲ್ಲವೂ ಇದೇ ಕಿರಣಗಳನ್ನು ಸೂಸುತ್ತವೆ. ಹಾಗಾಗಿ ನೆಲದಿಂದ ನೋಡುವವರು ಕಿರುಗನ್ನಡಿಯನ್ನು ಸೆಕೆಂಡಿಗೆ ಹಲವು ಬಾರಿ ಅತ್ತಿತ್ತ ವಾಲಿಸಿ, ಒಮ್ಮೆ ನಕ್ಷತ್ರ, ಒಮ್ಮೆ ಪಕ್ಕದ ಬರಿ ಆಕಾಶ ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತಾರೆ. 1983ರಲ್ಲಿ ಗಾಳಿಯಾಚೆಗೇ ಹಾರಿದ ಐರಾಸ್ ಉಪಗ್ರಹ ಹೀಲಿಯಂ ಬಳಸಿ ತನ್ನನ್ನು ತಣ್ಣಗಿಟ್ಟುಕೊಂಡಿತ್ತು. ಹತ್ತು ತಿಂಗಳಲ್ಲಿ ಹೀಲಿಯಂ ತೀರಿತು, ಕೆಲಸವೂ ನಿಂತಿತು. ಅಷ್ಟರೊಳಗೆ, ಉಪಕರಣ ಸರಿದೂಗಿಸಲೆಂದು ನೋಡಿದ ಅಭಿಜಿತ್ ನಕ್ಷತ್ರದ ಸುತ್ತಲೇ ದೂಳು ಸಿಕ್ಕಿತ್ತು!

ನನಗೆ ತೀರಾ ಇಷ್ಟದ್ದು ವೃಷಭ ರಾಶಿಯ ಕೋಕು ಟೌ 4 ಎಂಬ ನಕ್ಷತ್ರದ ಕಥೆ. 2004ರಲ್ಲಿ ಪ್ರಕಟವಾದ ಸ್ಪಿಟ್ಜರ್ ದೂರದರ್ಶಕದ ರೋಹಿತದಲ್ಲಿ, ಅಂದರೆ ಒಂದೊಂದು ತರಂಗದ ಬೆಳಕನ್ನೂ ಅಳೆದು ಬರೆದ ರೇಖೆಯಲ್ಲಿ, 8 ಮೈಕ್ರಾನ್‌ವರೆಗೆ ನಕ್ಷತ್ರದ ಬೆಳಕು ಮಾತ್ರ. ಅಲ್ಲಿಂದಾಚೆ ರೇಖೆ ಕಡಿದಾಗಿ ಏರುತ್ತದೆ. ತಣ್ಣನೆಯ ದೂಳಿದೆ, ಬಿಸಿಯದಿಲ್ಲ. ಅಂದರೆ ತಟ್ಟೆಯ ನಡುವೆ ತೂತಿದೆ. ಭೂಮಿ–ಸೂರ್ಯರ ಅಂತರದ ಸುಮಾರು 10 ಪಟ್ಟು ಅದರ ತ್ರಿಜ್ಯ. ಹುಟ್ಟುತ್ತಿರುವ ಗ್ರಹ ದೂಳನ್ನು ಗುಡಿಸಿರಬೇಕು ಎಂದುಕೊಂಡರು. 2008ರಲ್ಲಿ ಹವಾಯಿಯ ಕೆಕ್ ದೂರದರ್ಶಕ ತೋರಿಸಿದ್ದೇ ಬೇರೆ: ಅಲ್ಲಿದ್ದದ್ದು ಜೋಡಿ ನಕ್ಷತ್ರ, ಗುಡಿಸಿದ್ದು ಅವೇ. ಚಿತ್ರವೇ ಇಲ್ಲದೆ ಗುರುತಿಸಿದ ತೂತು ಮಾತ್ರ ನಿಜವಾಗಿತ್ತು.

ರೋಹಿತದಲ್ಲಿ 10 ಮೈಕ್ರಾನ್ ಬಳಿ ಬರುವ ಸಿಲಿಕೇಟ್ (ಕಲ್ಲಿನ ದೂಳು) ಉಬ್ಬನ್ನೂ ಇವರು ಬಿಡುವುದಿಲ್ಲ. ಉಬ್ಬು ಚೂಪಾಗಿದ್ದರೆ ಕಣಗಳು ನವಿರು, ತಲೆ ಚಪ್ಪಟೆಯಾದರೆ ಕಣಗಳು ಕೂಡಿಕೊಂಡು ಬೆಳೆದಿವೆ, 11.3ರ ಬಳಿ ಸಣ್ಣ ಕೊಂಬು ಎದ್ದರೆ ಫಾರ್‌ಸ್ಟರೈಟ್ ಎಂಬ ಖನಿಜದ ಹರಳುಗಳಿವೆ. 1990ರ ದಶಕದಲ್ಲಿ ಯುರೋಪಿನ ಐಎಸ್‌ಒ ದೂರದರ್ಶಕ ಎಚ್‌ಡಿ 100546 ಎಂಬ ಎಳೆಯ ನಕ್ಷತ್ರದ ದೂಳಿನ ರೋಹಿತ ಪಡೆಯಿತು. ಅದನ್ನು ನಮ್ಮದೇ ಸೌರಮಂಡಲದ ಹೇಲ್–ಬಾಪ್ ಧೂಮಕೇತುವಿನ ರೋಹಿತದ ಪಕ್ಕಕ್ಕಿಟ್ಟು ನೋಡಿದರೆ, ಹರಳುಗಳ ಕೊಂಬುಗಳು ಎರಡರಲ್ಲೂ ಅದೇ ಜಾಗಗಳಲ್ಲಿದ್ದವು.