ಒಂದೋ, ಹಲವೋ?

ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು ಕೂಡ ಆ ಭಾಷೆಯಲ್ಲಿ ಬರೆಯುವಾಗ, ಇಲ್ಲಿ ‘ಈಸ್’ ಬರಬೇಕೋ ‘ಆರ್’ ಬರಬೇಕೋ ಎಂದು ಲೇಖನಿಯನ್ನು ಅರೆಗಳಿಗೆ ತಡೆಯುವುದುಂಟು. ಈ ಸಂದೇಹಕ್ಕೆ ನಾಚಬೇಕಾಗಿಲ್ಲ. ವಚನದ ವಿಷಯದಲ್ಲಿ ಆ ಭಾಷೆಯ ನಡೆಯೇ ಬೇರೆ. ನಾವು ‘ಹತ್ತು ಮರ’, ‘ನಾಲ್ಕು ಮನೆ’ ಎನ್ನುತ್ತೇವೆ; ಸಂಖ್ಯೆಯೇ ಬಹುತ್ವವನ್ನು ಸಾರಿದ ಮೇಲೆ ‘ಗಳು’ ಪ್ರತ್ಯಯ ಅನಿವಾರ್ಯವಲ್ಲ. ಇಂಗ್ಲಿಷಿನಲ್ಲಿ ಆ ಸೌಕರ್ಯವಿಲ್ಲ. ‘ಟೆನ್’ ಎಂದ ಮೇಲೂ ‘ಟ್ರೀಸ್’ ಎನ್ನಲೇಬೇಕು. ‘ಒನ್ ಆಫ್ ಮೈ ಫ್ರೆಂಡ್’ ಎಂಬ ತಪ್ಪು ನಮ್ಮಲ್ಲಿ ಅಪರೂಪವಲ್ಲ. ‘ನನ್ನ ಸ್ನೇಹಿತರಲ್ಲಿ ಒಬ್ಬ’ ಎಂದು ಕನ್ನಡದಲ್ಲಿ ಹೇಳಿಕೊಂಡರೆ ತಿದ್ದುಪಡಿ ತಾನಾಗಿ ಹೊಳೆಯುತ್ತದೆ. ಸ್ನೇಹಿತರು ಹಲವರು, ಆದುದರಿಂದ ‘ಫ್ರೆಂಡ್ಸ್’. ಅವರಲ್ಲಿ ಆರಿಸಿಕೊಂಡವನು ಒಬ್ಬನೇ, ಆದುದರಿಂದ ಕ್ರಿಯಾಪದ ‘ಈಸ್’.

ಪದದ ಕೊನೆಯ ಸಕಾರವನ್ನು ನಂಬಿದವರು ಮೋಸಹೋಗುತ್ತಾರೆ. ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ ಎಂಬವು ಸಕಾರಾಂತವಾದರೂ ಏಕವಚನಗಳು. ‘ಪೊಲೀಸ್’ ಶಬ್ದಕ್ಕೆ ಬಹುವಚನದ ಗುರುತೇ ಇಲ್ಲ. ಆದರೂ ಅದಕ್ಕೆ ‘ಆರ್’ ಸಲ್ಲುತ್ತದೆ. ಮನೆ ತುಂಬ ಕುರ್ಚಿ ಮೇಜುಗಳಿದ್ದರೂ ‘ಫರ್ನಿಚರ್’ ಏಕವಚನವೇ. ‘ಫರ್ನಿಚರ್ಸ್’ ಎಂಬ ರೂಪ ಶಿಷ್ಟ ಇಂಗ್ಲಿಷಿನಲ್ಲಿಲ್ಲ. ಹತ್ತು ರೂಪಾಯಿಯನ್ನು ಒಂದು ಮೊತ್ತವೆಂದು ಎಣಿಸಿದಾಗ ‘ಟೆನ್ ರುಪೀಸ್ ಈಸ್’ ಎನ್ನುವುದೇ ಸರಿ. ‘ಕಮಿಟಿ’ಗೆ ಅಮೆರಿಕದವರು ಸಾಮಾನ್ಯವಾಗಿ ‘ಈಸ್’ ಬಳಸುತ್ತಾರೆ. ಬ್ರಿಟಿಷರು ಸಮಿತಿ ಒಂದಾಗಿ ನಿರ್ಣಯ ಕೈಗೊಂಡರೆ ‘ಈಸ್’ ಎಂದೂ, ಸದಸ್ಯರು ತಮ್ಮತಮ್ಮಲ್ಲೇ ವಾದಿಸುತ್ತಿದ್ದರೆ ‘ಆರ್’ ಎಂದೂ ಹೇಳಬಲ್ಲರು. ಅಂದರೆ ವಚನವನ್ನು ನಿರ್ಣಯಿಸುವುದು ಅನೇಕ ವೇಳೆ ಕಣ್ಣು ಕಾಣುವ ಅಕ್ಷರವಲ್ಲ, ಮನಸ್ಸು ಕಾಣುವ ವಸ್ತು.

ಮನಸ್ಸಿನ ಈ ಕಾಣ್ಕೆ ರಾಷ್ಟ್ರವೊಂದರ ಹೆಸರಿನಲ್ಲೂ ಅಚ್ಚೊತ್ತಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂವಿಧಾನ ರಚಿತವಾದದ್ದು 1787ರಲ್ಲಿ. ಅದರಲ್ಲಿ ರಾಜದ್ರೋಹವನ್ನು ವಿವರಿಸುವ ಭಾಗ ‘ಯುನೈಟೆಡ್ ಸ್ಟೇಟ್ಸ್’ ಎಂಬುದನ್ನು ‘ದೆಮ್’, ‘ದೇರ್’ ಎಂಬ ಬಹುವಚನ ಸರ್ವನಾಮಗಳಿಂದಲೇ ನಿರ್ದೇಶಿಸುತ್ತದೆ. ಅಂದಿನವರ ಕಣ್ಣಿಗೆ ಅದು ಹಲವು ರಾಜ್ಯಗಳ ಕೂಟ. ಒಕ್ಕೂಟದಿಂದ ರಾಜ್ಯಗಳು ಬೇರೆಯಾಗಬಹುದೇ ಎಂಬ ಪ್ರಶ್ನೆ 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ರಕ್ತದಿಂದ ಇತ್ಯರ್ಥವಾಯಿತು. ಆ ಯುದ್ಧವೇ ‘ಆರ್’ ಅನ್ನು ‘ಈಸ್’ ಆಗಿಸಿತೆಂಬ ಮಾತು ಜನಪ್ರಿಯವಾಗಿದೆ. ಆದರೆ ಭಾಷೆ ಅಷ್ಟು ಬೇಗ ಆಜ್ಞೆಗೆ ಒಳಗಾಗುವುದಿಲ್ಲ. ಗುಲಾಮಗಿರಿಯನ್ನು ರದ್ದುಗೊಳಿಸಿ 1865ರಲ್ಲೇ ಅಂಗೀಕೃತವಾದ ಹದಿಮೂರನೆಯ ತಿದ್ದುಪಡಿಯಲ್ಲಿಯೂ ‘ದೇರ್’ ಎಂಬ ಬಹುವಚನವೇ ಉಳಿದಿದೆ. ಏಕವಚನ ನೆಲೆಗೊಳ್ಳಲು ಮತ್ತೆ ಕೆಲವು ದಶಕಗಳು ಬೇಕಾದವು. ಇಂದು ‘ದಿ ಯುನೈಟೆಡ್ ಸ್ಟೇಟ್ಸ್ ಈಸ್’ ಎನ್ನುವವರು ಆ ಹೆಸರಿನಲ್ಲಿ ಹಿಂದೆ ಹಲವು ರಾಜ್ಯಗಳು ಕಾಣುತ್ತಿದ್ದವೆಂಬುದನ್ನು ನೆನೆಯುವುದೂ ಇಲ್ಲ.

ವ್ಯಕ್ತಿಗಳ ವಿಷಯಕ್ಕೆ ಬಂದರೆ ಇಂಗ್ಲಿಷಿನ ದಾರಿ ನಮಗೆ ಚಿರಪರಿಚಿತ. ಹಿಂದೆ ‘ದೌ’ ಎಂದರೆ ನೀನು, ‘ಯೂ’ ಎಂದರೆ ನೀವು. ಗೌರವಕ್ಕಾಗಿ ಒಬ್ಬರಿಗೂ ‘ಯೂ’ ಎನ್ನುವ ರೂಢಿ ಬೆಳೆದು, ಕೊನೆಗೆ ‘ದೌ’ ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು. ಹದಿನೇಳನೆಯ ಶತಮಾನದ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರೆಂದು ನ್ಯಾಯಾಧೀಶರನ್ನು ಕೂಡ ಏಕವಚನದಲ್ಲೇ ಸಂಬೋಧಿಸಿ ಕೋಪಕ್ಕೆ ಗುರಿಯಾದರು. ‘ಯೂ’ ಒಬ್ಬರಿಗೇ ಸಂದರೂ ‘ಆರ್’ ಮಾತ್ರ ಬದಲಾಗಲಿಲ್ಲ. ‘ದೇ’ ಶಬ್ದದ ಕಥೆಯೂ ಇಂಥದೇ. ಗಂಡೋ ಹೆಣ್ಣೋ ತಿಳಿಯದ ಒಬ್ಬ ವ್ಯಕ್ತಿಗೆ ‘ದೇ’ ಎನ್ನುವುದು ಇತ್ತೀಚಿನ ಹುಚ್ಚೆಂದು ಹಲವರು ಗೊಣಗುತ್ತಾರೆ. ಆದರೆ ಆ ಪ್ರಯೋಗ ಹದಿನಾಲ್ಕನೆಯ ಶತಮಾನದಿಂದಲೂ ಇದೆ. ಕನ್ನಡಿಗರಿಗೆ ಇದರಲ್ಲಿ ವಿಸ್ಮಯವೇನು? ‘ಯಾರೋ ಒಬ್ಬರು ಬಂದಿದ್ದರು, ಅವರು ಹೆಸರು ಹೇಳಲಿಲ್ಲ’ ಎಂದು ನಾವು ನಿತ್ಯವೂ ಹೇಳುತ್ತೇವಲ್ಲವೇ?

ಆದುದರಿಂದ ಲೇಖನಿ ತಡೆದಾಗ ಸಕಾರವನ್ನು ಹುಡುಕುವ ಮೊದಲು, ಇಲ್ಲಿ ನಾನು ಒಂದನ್ನು ಕಾಣುತ್ತಿದ್ದೇನೆಯೋ ಹಲವನ್ನೋ ಎಂದು ಕೇಳಿಕೊಳ್ಳುವುದು ಲೇಸು. ಉತ್ತರ ಬಹುಪಾಲು ಅಲ್ಲಿಯೇ ಸಿಗುತ್ತದೆ. ಮಿಕ್ಕದ್ದನ್ನು ನಿಘಂಟು ಹೇಳುತ್ತದೆ.