ನೆರೆಹೊರೆಯವರ ಹಾಲು ಒಂದೇ ಕೊಪ್ಪರಿಗೆಯಲ್ಲಿ

ಫ್ರಾನ್ಸ್ ಎಂದೊಡನೆ ನಮ್ಮ ಕುಟುಂಬಗಳಲ್ಲಿ ಮೊದಲು ನೆನಪಾಗುವುದು ಲೂರ್ದು ಮಾತೆಯ ಗವಿ. ಅನಂತರ ಪ್ಯಾರಿಸ್ಸಿನ ಐಫೆಲ್ ಗೋಪುರ. ಯಾತ್ರೆಗೆ ಹೋದವರು ಇವೆರಡನ್ನು ಕಂಡು ಮರಳುವುದೇ ವಾಡಿಕೆ. ಆದರೆ ಆ ದೇಶದ ಪೂರ್ವದ ಅಂಚಿನಲ್ಲಿ, ಸ್ವಿಟ್ಜರ್ಲೆಂಡಿಗೆ ತಾಗಿಕೊಂಡಿರುವ ಜುರಾ ಬೆಟ್ಟಸೀಮೆಯಲ್ಲಿ ಒಂದೆರಡು ದಿನ ತಂಗುವವರಿಗೆ ಬೇರೆಯದೇ ಒಂದು ಫ್ರಾನ್ಸ್ ಕಾಣಸಿಗುತ್ತದೆ. ಅಲ್ಲಿನ ರೈತರು ತಮ್ಮ ಹಾಲನ್ನು ಒಟ್ಟುಗೂಡಿಸಿ 'ಕೋಂಟೆ' ಎಂಬ ಚೀಸ್ ತಯಾರಿಸುತ್ತಾರೆ. ಸಣ್ಣ ಹಿಡುವಳಿಗಳು ಎಲ್ಲೆಡೆ ಕರಗುತ್ತಿರುವಾಗ ಇವರು ನೆಲ ಬಿಡದೆ ಬಾಳುತ್ತಿರುವ ಬಗೆ ತಿಳಿಯಬೇಕಾದದ್ದು.

ಚಳಿಗಾಲ ಕಲಿಸಿದ ಪಾಠ

5ನೆಯ ಶತಮಾನದಲ್ಲಿ ಸಂತ ರೋಮಾನುಸ್ ಮತ್ತು ಅವರ ಸಹೋದರ ಸಂತ ಲುಪಿಸಿನುಸ್ ಇಲ್ಲಿನ ದಟ್ಟಾರಣ್ಯದಲ್ಲಿ ಮಠವೊಂದನ್ನು ಸ್ಥಾಪಿಸಿದರು. ಇಂದಿನ ಸೇಂಟ್ ಕ್ಲೋಡ್ ಪಟ್ಟಣ ಬೆಳೆದುದು ಆ ಮಠದ ಸುತ್ತಲೇ. ಕಾಲಕ್ರಮದಲ್ಲಿ ಕಾಡಿನ ನಡುವೆ ಹುಲ್ಲುಗಾವಲುಗಳು ಮೂಡಿದವು, ಹಸುಗಳು ಬಂದವು. ಹಿಮ ಬೀಳುವ ದೀರ್ಘ ಚಳಿಗಾಲಕ್ಕೆ ಬೇಸಿಗೆಯ ಹಾಲನ್ನು ಕೂಡಿಡುವುದು ಅನಿವಾರ್ಯವಾಗಿತ್ತು. ಹಾಲು ಕೆಡುತ್ತದೆ, ದೊಡ್ಡ ಚೀಸ್ ತಿಂಗಳುಗಟ್ಟಲೆ ಬಾಳುತ್ತದೆ. ಆದರೆ 40 ಕಿಲೋ ತೂಗುವ ಒಂದು ಚಕ್ರಕ್ಕೆ ಸುಮಾರು 400 ಲೀಟರ್ ಹಾಲು ಬೇಕು. ನಾಲ್ಕಾರು ಹಸುಗಳ ಒಡೆಯ ಒಬ್ಬನೇ ಅಷ್ಟನ್ನು ಎಲ್ಲಿಂದ ತಂದಾನು? ಹಾಗಾಗಿ ಊರಿನವರು ತಮ್ಮ ತಮ್ಮ ಹಾಲನ್ನು ಒಂದೇ ಕೊಪ್ಪರಿಗೆಗೆ ಸುರಿದರು. ಈ ಪದ್ಧತಿಯ ಉಲ್ಲೇಖ 13ನೆಯ ಶತಮಾನದ ದಾಖಲೆಗಳಲ್ಲೇ ದೊರೆಯುತ್ತದೆ. ಇಂಥ ಸಹಕಾರಿ ಚೀಸ್ ಮನೆಯನ್ನು ಅಲ್ಲಿಯವರು 'ಫ್ರುಯಿತಿಯೇರ್' ಎನ್ನುತ್ತಾರೆ.

ಅನೇಕ ಫ್ರುಯಿತಿಯೇರ್‌ಗಳು ಪ್ರವಾಸಿಗರಿಗೆ ತೆರೆದಿವೆ. ಬೆಳಗಿನ ಹೊತ್ತಿಗೆ ಹೋದರೆ ಕೆಲಸ ಕಣ್ಣಾರೆ ಕಾಣಬಹುದು. ತಾಮ್ರದ ಕೊಪ್ಪರಿಗೆಯಲ್ಲಿ ಹಸಿ ಹಾಲಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಬೆರೆಸುತ್ತಾರೆ. ಗಟ್ಟಿಯಾದ ಮೊಸರನ್ನು ಗೋಧಿಕಾಳಿನಷ್ಟು ಸಣ್ಣಗೆ ಕತ್ತರಿಸಿ, ಕಲಕುತ್ತ ಬಿಸಿಮಾಡಿ, ಅಚ್ಚಿನಲ್ಲಿ ಒತ್ತುತ್ತಾರೆ. ಹಾಲನ್ನು ಕಾಯಿಸಿ ಕ್ರಿಮಿಗಳನ್ನು ನಾಶಮಾಡುವ ವಿಧಾನಕ್ಕೆ ಹೆಸರು ಕೊಟ್ಟ ಲೂಯಿ ಪ್ಯಾಸ್ಚರ್ ಬೆಳೆದುದು ಇದೇ ಜುರಾದ ಆರ್ಬ್ವಾ ಪಟ್ಟಣದಲ್ಲಿ. ಆದರೂ ಕೋಂಟೆಗೆ ಹಾಗೆ ಸಂಸ್ಕರಿಸಿದ ಹಾಲು ಸಲ್ಲದು ಎಂಬುದು ಸ್ವಾರಸ್ಯಕರ. ಆ ನೆಲದ ಹುಲ್ಲು ಹೂಗಳೊಡನೆ ಬಂದ ಸೂಕ್ಷ್ಮಜೀವಿಗಳೇ ಅದರ ರುಚಿಗೆ ಆಧಾರ.

ಬಳಿಕ ಚಕ್ರಗಳು ಸ್ಪ್ರೂಸ್ ಮರದ ಹಲಗೆಗಳ ಮೇಲೆ ಕನಿಷ್ಠ 120 ದಿನ ಮಾಗಬೇಕು. ಕೆಲವು ಎರಡು ವರ್ಷಕ್ಕೂ ಮೀರಿ ಮಾಗುತ್ತವೆ. ಅವನ್ನು ಆಗಾಗ ಮಗುಚಿ, ಉಪ್ಪುನೀರಿನಿಂದ ಉಜ್ಜುತ್ತಿರಬೇಕು. ಯುದ್ಧಕ್ಕೆಂದು 19ನೆಯ ಶತಮಾನದಲ್ಲಿ ಕಟ್ಟಿದ ಸೇಂಟ್ ಆಂತ್ವಾನ್ ಕೋಟೆ 1966ರಿಂದ ಇದೇ ಕಾರ್ಯಕ್ಕೆ ಮೀಸಲಾಗಿದೆ. ಅದರ ತಣ್ಣನೆಯ ಕಲ್ಲಿನ ಕಮಾನುಗಳಡಿ ಈಗ ಮದ್ದುಗುಂಡಿನ ಬದಲು ಚೀಸಿನ ಸಾಲುಗಳಿವೆ.

ತಾವೇ ಹಾಕಿಕೊಂಡ ಕಟ್ಟುಪಾಡು

1958ರಲ್ಲಿ ಕೋಂಟೆಗೆ ಸರಕಾರದಿಂದ ಮೂಲಸ್ಥಾನದ ಮಾನ್ಯತೆ ದೊರೆಯಿತು. ಆದರೆ ಆ ಹೆಸರಿಗೆ ತೆರಬೇಕಾದ ಬೆಲೆಯೂ ಇದೆ. ಮೋಂಬೆಲಿಯಾರ್ಡ್ ಅಥವಾ ಫ್ರೆಂಚ್ ಸಿಮೆಂಟಾಲ್ ತಳಿಯ ಹಸುಗಳ ಹಾಲೇ ಆಗಬೇಕು. ಒಂದೊಂದು ಹಸುವಿಗೂ ನಿಗದಿತ ಪ್ರಮಾಣದ ಹುಲ್ಲುಗಾವಲು ಇರಬೇಕು. ಬೇಸಿಗೆಯಲ್ಲಿ ಹಸಿಹುಲ್ಲು, ಚಳಿಗಾಲದಲ್ಲಿ ಒಣಹುಲ್ಲು. ಹುದುಗಿಸಿದ ರಸಮೇವು ನಿಷಿದ್ಧ. ಹಾಲು ಹಿಂಡುವ ರೋಬೋಟುಗಳಿಗೂ ಪ್ರವೇಶವಿಲ್ಲ. ಒಟ್ಟು ಎಷ್ಟು ಚೀಸ್ ತಯಾರಾಗಬೇಕೆಂಬುದಕ್ಕೂ ಮಿತಿಯುಂಟು. ಮಾಗಿದ ಚಕ್ರಕ್ಕೆ 20ರಲ್ಲಿ ಅಂಕ ನೀಡುತ್ತಾರೆ: 14 ದಾಟಿದರೆ ಹಸಿರು ಪಟ್ಟಿ, 12ರಿಂದ 14ರವರೆಗೆ ಕಂದು ಪಟ್ಟಿ. ಅದಕ್ಕಿಂತ ಕಡಿಮೆಯಾದರೆ ಕೋಂಟೆ ಎಂಬ ಹೆಸರೇ ಇಲ್ಲ.

ಹೆಚ್ಚು ಕರೆದರೆ ಹೆಚ್ಚು ಲಾಭ ಎಂಬ ಲೆಕ್ಕಾಚಾರಕ್ಕೆ ಇದು ವಿರುದ್ಧವಾಗಿ ಕಾಣಬಹುದು. ಆದರೆ ಮಿತಿಯಿಂದಲೇ ಬೆಲೆ ನಿಂತಿದೆ. ಕೋಂಟೆಗೆ ಹಾಲು ಕೊಡುವ ರೈತನಿಗೆ ಫ್ರಾನ್ಸಿನ ಸಾಮಾನ್ಯ ಹಾಲಿನ ದರಕ್ಕಿಂತ ಹೆಚ್ಚು ಹಣ ಸಿಗುತ್ತದೆ. 2,000ಕ್ಕೂ ಹೆಚ್ಚು ಹೈನುಗಾರಿಕೆಯ ಹಿಡುವಳಿಗಳು ಈ ಬಲದಿಂದಲೇ ಉಳಿದಿವೆ. ಊರಲ್ಲಿ ದುಡಿಮೆಗೆ ಬೆಲೆಯಿರುವುದರಿಂದ ಕೊಟ್ಟಿಗೆಯ ಕೆಲಸವನ್ನು ಮುಂದುವರಿಸಲು ಮಕ್ಕಳಿಗೂ ಕಾರಣ ದೊರೆಯುತ್ತದೆ.

ನದಿ ಕೇಳುವ ಪ್ರಶ್ನೆ

ಎಲ್ಲವೂ ಸುಗಮವಾಗಿದೆ ಎಂದು ಭಾವಿಸುವಂತಿಲ್ಲ. 2010ರಲ್ಲಿ ಈ ಸೀಮೆಯ ಲೂ ನದಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತವು. ಇಲ್ಲಿಯದು ಬಿರುಕುಗಳಿಂದ ತುಂಬಿದ ಸುಣ್ಣಕಲ್ಲಿನ ನೆಲ; ಮೇಲೆ ಬಿದ್ದದ್ದು ಬೇಗನೆ ನದಿ ಸೇರುತ್ತದೆ. ಊರುಗಳ ಕೊಳಚೆನೀರಿನೊಂದಿಗೆ ಹೈನುಗಾರಿಕೆಯ ಸೆಗಣಿ-ಗೊಬ್ಬರದ ಕಡೆಗೂ ಬೆರಳು ತೋರಿಸಲಾಯಿತು. ಚೀಸಿಗೆ ಬೇಡಿಕೆ ಏರಿದಂತೆ ಗದ್ದೆಗೆ ಗೊಬ್ಬರವೂ ಏರಿದರೆ ಹಿರಿಯರ ಕಟ್ಟುಪಾಡಿಗೆ ಅರ್ಥವೇನು? ಇಂದು ಈ ಚರ್ಚೆ ಜುರಾದ ಒಳಗೂ ಹೊರಗೂ ಕಾವೇರಿದೆ. ಕೊಪ್ಪರಿಗೆಗೆ ಹಾಕಿದ ಮಿತಿಯನ್ನು ಹೊಲಕ್ಕೂ ಬಿಗಿಗೊಳಿಸುವುದು ಆ ರೈತರ ಮುಂದಿರುವ ಸವಾಲು.

ಆ ದಾರಿಯಲ್ಲಿ ಪಯಣಿಸುವ ಕುಟುಂಬಗಳು ಪೊಲಿನ್ಯಿ ಪಟ್ಟಣದ ಕೋಂಟೆ ಭವನಕ್ಕೆ ಭೇಟಿ ನೀಡಬಹುದು. ಚೀಸನ್ನು ಫ್ರುಯಿತಿಯೇರ್‌ನಲ್ಲೇ ಕೊಳ್ಳುವುದು ಲೇಸು. ಬೇಸಿಗೆಯ ಹಾಲಿನದು ಹಳದಿ, ಚಳಿಗಾಲದ್ದು ಬಿಳಿಚು. ಎರಡನ್ನೂ ಚೂರು ಚೂರು ಸವಿದು ನೋಡಿದರೆ, ಹಸು ಮೇದ ಹುಲ್ಲಿನ ವ್ಯತ್ಯಾಸ ನಾಲಗೆಗೇ ತಿಳಿಯುತ್ತದೆ.